ಮರದ ವ್ಯಾಪಾರ ಬಿಟ್ಟ ಎಮಿಲ್ ಫಿಷರ್

ವಾಣಿಜ್ಯ ವಿಭಾಗದವಳು ರಸಾಯನಶಾಸ್ತ್ರಜ್ಞರೊಬ್ಬರ ಬಗ್ಗೆ ಏಕೆ ಬರೆಯುತ್ತಾಳೆ ಎಂದು ಓದುಗ ಸ್ನೇಹಿತರಿಗೆ ಅನಿಸಬಹುದು. ವಿಜ್ಞಾನ ವಿಭಾಗದ ನನ್ನ ಗೆಳತಿಯ ದ್ವಿತೀಯ ಪಿಯುಸಿ ಪುಸ್ತಕದಲ್ಲಿ ಜೈವಿಕ ಅಣುಗಳ ಪಾಠವಿದೆ. ಅಲ್ಲಿ ಗ್ಲೂಕೋಸ್‌ನ ಚಿತ್ರದ ಪಕ್ಕದಲ್ಲಿ ಫಿಷರ್ ಎಂಬ ಹೆಸರು ಬರುತ್ತದೆ. ಆ ಫಿಷರ್ ಯಾರೆಂದು ಹುಡುಕಿದಾಗ, ಅವರು ವ್ಯಾಪಾರಸ್ಥರ ಮನೆಯ ಒಬ್ಬನೇ ಮಗನೆಂದೂ ಶಾಲೆ ಮುಗಿದ ಮೇಲೆ ಮರದ ವ್ಯಾಪಾರಕ್ಕೆ ಹಾಕಲ್ಪಟ್ಟವರೆಂದೂ ತಿಳಿಯಿತು. ನಮ್ಮ ಅಬ್ಬಾ ಸಣ್ಣದೊಂದು ಟಿಂಬರ್ ಡಿಪೋ ನಡೆಸುತ್ತಾರೆ. ಸಂಜೆ ಹೊತ್ತು ಅಲ್ಲಿನ ಘನ ಅಡಿ ಲೆಕ್ಕ ಬರೆಯುವವಳು ನಾನೇ. ಆದ್ದರಿಂದ ಈ ಮನುಷ್ಯನ ಕಥೆಯನ್ನು ಬಿಡಲು ನನಗೆ ಮನಸ್ಸಾಗಲಿಲ್ಲ.

ಎಮಿಲ್ ಫಿಷರ್ ಹುಟ್ಟಿದ್ದು 1852ರ ಅಕ್ಟೋಬರ್ 9ರಂದು, ಜರ್ಮನಿಯ ಕಲೋನ್ ನಗರದ ಹತ್ತಿರವಿರುವ ಆಯ್ಸ್‌ಕಿರ್ಷೆನ್ ಎಂಬ ಊರಿನಲ್ಲಿ. ತಂದೆ ಲೊರೆಂಜ್ ಫಿಷರ್ ಯಶಸ್ವಿ ವ್ಯಾಪಾರಿ. ಐದು ಜನ ಅಕ್ಕಂದಿರ ನಂತರ ಹುಟ್ಟಿದ ಹುಡುಗ ಎಮಿಲ್. ಇಂಥ ಮನೆಯಲ್ಲಿ ಹುಡುಗನ ಭವಿಷ್ಯ ಅವನು ಹುಟ್ಟಿದ ದಿನವೇ ನಿರ್ಧಾರವಾಗಿರುತ್ತದೆ; ಇದನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1869ರಲ್ಲಿ ಬಾನ್ ನಗರದಲ್ಲಿ ಶಾಲೆಯ ಕೊನೆಯ ಪರೀಕ್ಷೆಯನ್ನು ಅವರು ಬಹಳ ಚೆನ್ನಾಗಿ ಪಾಸು ಮಾಡಿದರು. ಓದಬೇಕೆಂಬ ಆಸೆ ಇದ್ದದ್ದು ಭೌತಶಾಸ್ತ್ರ, ಗಣಿತ. ತಂದೆ ಕಳಿಸಿದ್ದು ಕುಟುಂಬದ ಮರದ ವ್ಯಾಪಾರಕ್ಕೆ.

ಹುಡುಗ ಅಲ್ಲಿ ಕೂತು ಲೆಕ್ಕ ಬರೆಯುವ ಬದಲು ಗುಟ್ಟಾಗಿ ರಸಾಯನಗಳ ಪ್ರಯೋಗ ಮಾಡುತ್ತಿದ್ದನಂತೆ. ಕೊನೆಗೆ ತಂದೆಗೆ ಸಾಕಾಯಿತು. ಇವನ ದಡ್ಡತನಕ್ಕೆ ವ್ಯಾಪಾರ ಒಗ್ಗುವುದಿಲ್ಲ, ಓದಿಕೊಳ್ಳಲಿ ಬಿಡಿ ಎಂಬ ಅರ್ಥದ ಮಾತನ್ನು ಅವರು ಆಡಿದರೆಂಬ ಕಥೆ ರಸಾಯನಶಾಸ್ತ್ರದವರಲ್ಲಿ ಬಹಳ ಪ್ರಸಿದ್ಧ. ನಮ್ಮ ಕಡೆ ಓದು ತಲೆಗೆ ಹತ್ತದವನನ್ನು ಅಂಗಡಿಗೆ ಹಾಕುತ್ತಾರೆ. ಅಲ್ಲಿ ಅಂಗಡಿ ತಲೆಗೆ ಹತ್ತದವನನ್ನು ಓದಿಗೆ ಹಾಕಿದರು! ಆದರೂ ಆ ತಂದೆಯನ್ನು ಕೆಟ್ಟವರೆಂದು ನಾನು ಹೇಳಲಾರೆ. ಒಪ್ಪಿದ ಮೇಲೆ ಅವರು ಮಗನಿಗೆ ಧಾರಾಳವಾಗಿ ಹಣ ಒದಗಿಸಿದರು, ಮಗ ಯಾರ ಹಂಗಿಗೂ ಬೀಳದಂತೆ ನೋಡಿಕೊಂಡರು. ಇದರ ಬೆಲೆ ಏನೆಂಬುದು ಮುಂದೆ ಗೊತ್ತಾಗುತ್ತದೆ.

1871ರಲ್ಲಿ ಫಿಷರ್ ಬಾನ್ ವಿಶ್ವವಿದ್ಯಾಲಯಕ್ಕೆ ಸೇರಿದರು. ಮರುವರ್ಷ ದೊಡ್ಡಪ್ಪನ ಮಗನೋ ಚಿಕ್ಕಪ್ಪನ ಮಗನೋ ಆಗಬೇಕಾದ ಒಟ್ಟೊ ಫಿಷರ್ ಜೊತೆ ಸ್ಟ್ರಾಸ್‌ಬರ್ಗ್‌ಗೆ ಹೋದರು. ಅಲ್ಲಿ ಅಡಾಲ್ಫ್ ಫಾನ್ ಬೇಯರ್ ಎಂಬ ಗುರು ಸಿಕ್ಕಿದರು. ಭೌತಶಾಸ್ತ್ರದ ಕಡೆ ಎಳೆಯುತ್ತಿದ್ದ ಮನಸ್ಸು ಪೂರ್ತಿ ರಸಾಯನಶಾಸ್ತ್ರದ ಕಡೆ ತಿರುಗಿದ್ದು ಈ ಬೇಯರ್ ಅವರಿಂದಲೇ. 1874ರಲ್ಲಿ ಬಣ್ಣಗಳ ಮೇಲಿನ ಪ್ರಬಂಧಕ್ಕೆ ಡಾಕ್ಟರೇಟ್ ಬಂತು. ಆಗ ಅವರಿಗೆ ಇನ್ನೂ 22 ತುಂಬಿರಲಿಲ್ಲ ಅಥವಾ ಆಗಷ್ಟೇ ತುಂಬಿತ್ತು.

ಮರುವರ್ಷ, 1875ರಲ್ಲಿ, ಅವರ ಕೈಗೆ ಫೀನೈಲ್‌ಹೈಡ್ರಜೀನ್ ಎಂಬ ಹೊಸ ವಸ್ತು ಬಂತು. ಹುಡುಕಿಕೊಂಡು ಹೋಗಿ ಕಂಡುಹಿಡಿದದ್ದಲ್ಲ, ಬೇರೆ ಕೆಲಸದ ನಡುವೆ ಸಿಕ್ಕಿದ್ದು. ಈ ಎಣ್ಣೆಯಂಥ ದ್ರವದ ಹೆಸರನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಫಿಷರ್ ಅವರ ಜೀವನದ ಆದಾಯವೂ ಖರ್ಚೂ ಎರಡೂ ಇದರಲ್ಲೇ ಇವೆ.

ಬೇಯರ್ ಜೊತೆ ಅವರು ಮ್ಯೂನಿಕ್‌ಗೆ ಹೋದರು, ಅಲ್ಲಿಂದ ಎರ್ಲಾಂಗೆನ್‌ಗೆ ಪ್ರಾಧ್ಯಾಪಕರಾಗಿ ಹೋದರು. 1883ರಲ್ಲಿ ಜರ್ಮನಿಯ ದೊಡ್ಡ ಬಣ್ಣದ ಕಂಪನಿ ಬಿಎಎಸ್‌ಎಫ್ ತನ್ನ ಸಂಶೋಧನಾ ಪ್ರಯೋಗಾಲಯದ ಮುಖ್ಯಸ್ಥರಾಗಿ ಬರುವಂತೆ ಅವರನ್ನು ಕರೆಯಿತು. ವಿಶ್ವವಿದ್ಯಾಲಯ ಕೊಡಲಾಗದಂಥ ಸಂಬಳದ ಕೆಲಸ. ಫಿಷರ್ ಹೋಗಲಿಲ್ಲ. ತಂದೆಯ ಹಣ ಬೆನ್ನಿಗಿದ್ದದ್ದರಿಂದ ಬೇಡ ಎನ್ನುವುದು ಅವರಿಗೆ ಸಾಧ್ಯವಾಯಿತು. ಮರದ ಅಂಗಡಿಯನ್ನು ಬಿಟ್ಟು ಓಡಿದ ಹುಡುಗ ಸಕ್ಕರೆಯ ಅಣುಗಳ ಹಿಂದೆ ಹತ್ತು ವರ್ಷ ನಿಶ್ಚಿಂತೆಯಿಂದ ಕೂರಲು ಆಗಿದ್ದು ವ್ಯಾಪಾರದ ದುಡ್ಡಿನಿಂದ. ಅವರ ಜೀವನ ಬರೆದವರು ಈ ವಿಷಯವನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ.

ಈಗ ಸಕ್ಕರೆಯ ವಿಷಯ. ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ಬಹಳ ದಿನ ಹಿಡಿಯಿತು, ಗೆಳತಿ ನಾಲ್ಕು ಸಲ ಹೇಳಿಕೊಟ್ಟಳು. ನಾನು ತಿಳಿದುಕೊಂಡ ರೀತಿಯಲ್ಲೇ ಹೇಳುತ್ತೇನೆ.

ನಮ್ಮ ಮನೆಯಲ್ಲಿ ದಾವತ್ ಇದ್ದ ದಿನ ಬಾಗಿಲ ಹೊರಗೆ ಚಪ್ಪಲಿಗಳ ರಾಶಿ ಬೀಳುತ್ತದೆ. ಎಡಗಾಲಿನ ಚಪ್ಪಲಿ, ಬಲಗಾಲಿನ ಚಪ್ಪಲಿ ಎರಡಕ್ಕೂ ಚರ್ಮ ಒಂದೇ, ಹೊಲಿಗೆ ಒಂದೇ, ತೂಕ ಒಂದೇ. ಒಂದು ಇನ್ನೊಂದರ ಕನ್ನಡಿಯ ಬಿಂಬ. ಆದರೆ ಎಡದ್ದನ್ನು ಬಲಗಾಲಿಗೆ ಹಾಕಿದರೆ ನಡೆಯಲು ಆಗುವುದಿಲ್ಲ. ಅಣುಗಳಲ್ಲಿಯೂ ಹೀಗೆ ಎಡ ಬಲ ಇದೆ. ಒಂದು ಇಂಗಾಲದ ಪರಮಾಣುವಿಗೆ ನಾಲ್ಕು ಬೇರೆ ಬೇರೆ ಗುಂಪುಗಳು ಅಂಟಿಕೊಂಡಿದ್ದರೆ ಅವುಗಳನ್ನು ಎರಡು ರೀತಿಯಲ್ಲಿ ಜೋಡಿಸಬಹುದು. ಇದನ್ನು 1874ರಲ್ಲಿ ವಾಂಟ್ ಹಾಫ್ ಮತ್ತು ಲೆ ಬೆಲ್ ಎಂಬ ಇಬ್ಬರು ಬೇರೆ ಬೇರೆಯಾಗಿ ಹೇಳಿದ್ದರು. ಅದಕ್ಕೂ ಮುಂಚೆ, 1848ರಲ್ಲಿ, ಲೂಯಿ ಪಾಶ್ಚರ್ ಟಾರ್ಟಾರಿಕ್ ಆಮ್ಲದ ಲವಣದ ಹರಳುಗಳನ್ನು ಕೈಯಿಂದ ಎಡ ಬಲ ಎಂದು ಆರಿಸಿ ಬೇರೆ ಮಾಡಿದ್ದರು.

ಈ ವ್ಯತ್ಯಾಸ ಬರೀ ಪುಸ್ತಕದ ವಿಷಯವಲ್ಲ. ಪುದೀನಾ ಸೊಪ್ಪಿನಲ್ಲಿ ಕಾರ್ವೋನ್ ಎಂಬ ವಸ್ತುವಿದೆ. ಅಂಗಡಿಗಳಲ್ಲಿ ಶಾಜೀರಾ ಎಂಬ ಹೆಸರಿನಲ್ಲಿ ಸಿಗುವ ಕಾಳುಗಳಲ್ಲಿ ಒಂದಾದ ಕ್ಯಾರವೇ ಬೀಜದಲ್ಲಿಯೂ ಇರುವುದು ಅದೇ ಕಾರ್ವೋನ್, ಆದರೆ ಕನ್ನಡಿ ಬಿಂಬದ್ದು. ಮೂಗಿಗೆ ಎರಡೂ ಬೇರೆ ವಾಸನೆ. ಬಿರಿಯಾನಿ ಮಾಡುವ ಮನೆಯವರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಗ್ಲೂಕೋಸ್‌ನಲ್ಲಿ ಆರು ಇಂಗಾಲಗಳ ಸರಪಳಿ ಇದೆ. ಅವುಗಳಲ್ಲಿ ನಾಲ್ಕಕ್ಕೆ ಎಡವೋ ಬಲವೋ ಎಂಬ ಆಯ್ಕೆ ಇದೆ. ಎರಡನ್ನು ಎರಡರಿಂದ ನಾಲ್ಕು ಬಾರಿ ಗುಣಿಸಿಕೊಳ್ಳುತ್ತಾ ಹೋದರೆ 16 ಬರುತ್ತದೆ. ಅಂದರೆ ಒಂದೇ ಸೂತ್ರ, ಒಂದೇ ಸರಪಳಿ ಇರುವ 16 ಸಕ್ಕರೆಗಳು ಸಾಧ್ಯ. ಇವುಗಳಲ್ಲಿ ದ್ರಾಕ್ಷಿಯಲ್ಲಿ, ನಮ್ಮ ರಕ್ತದಲ್ಲಿ ಇರುವ ಗ್ಲೂಕೋಸ್ ಯಾವುದು? ಅಣುವನ್ನು ಕಣ್ಣಿನಿಂದ ನೋಡುವ ಯಂತ್ರ ಆಗ ಇರಲಿಲ್ಲ. ಅದರ ಮೇಲೆ ಸಕ್ಕರೆಗಳು ರಸಾಯನಶಾಸ್ತ್ರಜ್ಞರಿಗೆ ದೊಡ್ಡ ತಲೆನೋವು. ಸ್ವಲ್ಪ ಕಲಬೆರಕೆ ಇದ್ದರೂ ಹರಳಾಗದೆ ಪಾಕದ ಹಾಗೆ ಅಂಟಂಟಾಗಿ ಉಳಿದುಬಿಡುತ್ತವೆ. ಹರಳಾಗದ ವಸ್ತುವನ್ನು ಶುದ್ಧ ಮಾಡುವುದು ಹೇಗೆ, ಗುರುತಿಸುವುದು ಹೇಗೆ?

ಇಲ್ಲಿ ಫೀನೈಲ್‌ಹೈಡ್ರಜೀನ್ ಕೆಲಸಕ್ಕೆ ಬಂತು. 1884ರಲ್ಲಿ ಫಿಷರ್ ಅದನ್ನು ಸಕ್ಕರೆಗಳ ಜೊತೆ ಸೇರಿಸಿ ಬಿಸಿ ಮಾಡಿದಾಗ ಅಂದವಾದ ಹಳದಿ ಹರಳುಗಳು ಬಂದವು. ಇವುಗಳಿಗೆ ಓಸಜೋನ್ ಎಂದು ಹೆಸರು. ಈಗ ಸಕ್ಕರೆಗಳನ್ನು ಗುರುತು ಹಿಡಿಯುವ ದಾರಿ ಸಿಕ್ಕಿತು.

ಮುಂದೆ ಅವರು ಮಾಡಿದ್ದನ್ನು ನೋಡಿದರೆ ನನಗೆ ನಮ್ಮ ತಾಳೆಪಟ್ಟಿಯೇ ನೆನಪಾಗುತ್ತದೆ. 16 ಸಾಧ್ಯತೆಗಳನ್ನು ಬರೆದುಕೊಂಡು ಒಂದೊಂದೇ ಸಾಕ್ಷ್ಯದಿಂದ ಹೊಡೆದು ಹಾಕುವುದು. ಗ್ಲೂಕೋಸ್, ಮ್ಯಾನೋಸ್ ಎರಡೂ ಒಂದೇ ಓಸಜೋನ್ ಕೊಟ್ಟವು. ಓಸಜೋನ್ ಆಗುವಾಗ ಸರಪಳಿಯ ಮೇಲಿನ ಎರಡು ಇಂಗಾಲಗಳ ವ್ಯತ್ಯಾಸ ಅಳಿಸಿಹೋಗುತ್ತದೆ. ಆದ್ದರಿಂದ ಈ ಎರಡು ಸಕ್ಕರೆಗಳು ಎರಡನೆಯ ಇಂಗಾಲದಲ್ಲಿ ಮಾತ್ರ ಬೇರೆ, ಕೆಳಗಿನದೆಲ್ಲ ಒಂದೇ ಎಂದಾಯಿತು. ಐದು ಇಂಗಾಲದ ಅರಾಬಿನೋಸ್‌ಗೆ ಇನ್ನೊಂದು ಇಂಗಾಲ ಸೇರಿಸಿದಾಗ ಗ್ಲೂಕೋಸ್ ಮತ್ತು ಮ್ಯಾನೋಸ್ ಸರಣಿಯವೇ ಬಂದವು. ಅಂದರೆ ಅರಾಬಿನೋಸ್‌ನ ಜೋಡಣೆಯೇ ಆ ಎರಡರ ಕೆಳಭಾಗ. ಅರಾಬಿನೋಸ್‌ನ ಎರಡು ತುದಿಗಳನ್ನೂ ಆಮ್ಲವಾಗಿ ಮಾಡಿದರೆ, ಒಳಗಿನ ಜೋಡಣೆ ಸಮವಾಗಿದ್ದಲ್ಲಿ ಅದು ಬೆಳಕನ್ನು ತಿರುಗಿಸಬಾರದು. ಆದರೆ ತಿರುಗಿಸಿತು. ಇನ್ನಷ್ಟು ಸಾಲುಗಳು ಅಳಿದವು. ಕೊನೆಗೆ ಗ್ಲೂಕೋಸ್ ಯಾವುದು, ಮ್ಯಾನೋಸ್ ಯಾವುದು ಎಂಬ ಪ್ರಶ್ನೆ ಉಳಿಯಿತು. ಗ್ಲೂಕೋಸ್‌ನ ತಲೆಯನ್ನು ಬುಡಕ್ಕೆ, ಬುಡವನ್ನು ತಲೆಗೆ ಬದಲಾಯಿಸಿದಾಗ ಪ್ರಕೃತಿಯಲ್ಲಿ ಕಾಣದ ಹೊಸ ಸಕ್ಕರೆಯೊಂದು ಬಂತು. ಅದಕ್ಕೆ ಗುಲೋಸ್ ಎಂದು ಹೆಸರಿಟ್ಟರು. ಮ್ಯಾನೋಸ್ ಆಗಿದ್ದರೆ ತಲೆಕೆಳಗು ಮಾಡಿದರೂ ಮ್ಯಾನೋಸ್ ಆಗಿಯೇ ಉಳಿಯಬೇಕು. ಲೆಕ್ಕ ಕೂಡಿತು. ಇದು 1891.

ಕೇಳಲು ಸುಲಭ. ಆದರೆ ಇದರ ಪ್ರತಿ ಹೆಜ್ಜೆಗೂ ತಿಂಗಳುಗಟ್ಟಲೆ ಕುದಿಸುವುದು, ಸೋಸುವುದು, ಹರಳಿಗಾಗಿ ಕಾಯುವುದು ಇತ್ತು. ಆ ವರ್ಷದ ರಜೆಯಲ್ಲಿ ಇಟಲಿಯ ಬೋರ್ಡಿಗೇರಾ ಎಂಬ ಸಮುದ್ರ ತೀರದ ಊರಿನಲ್ಲಿ ಫಿಷರ್ ಮತ್ತು ಗುರು ಬೇಯರ್ ಬ್ರೆಡ್ಡಿನ ಉಂಡೆಗಳಿಗೆ ಹಲ್ಲುಕಡ್ಡಿ ಚುಚ್ಚಿ ಈ ಅಣುಗಳನ್ನು ಕಟ್ಟಿ ನೋಡಲು ಯತ್ನಿಸಿ ಸೋತರಂತೆ. ಮುಂದೆ ಫಿಷರ್ ಅಣುವನ್ನು ಕಾಗದದ ಮೇಲೆ ಅಡ್ಡ ಗೆರೆ, ಉದ್ದ ಗೆರೆಯಾಗಿ ಬರೆಯುವ ಕ್ರಮ ತಂದರು. ವಿಜ್ಞಾನ ವಿಭಾಗದವರು ಇವತ್ತಿಗೂ ಪರೀಕ್ಷೆಯಲ್ಲಿ ಬರೆಯುವುದು ಅದನ್ನೇ.

ಒಂದು ಕಡೆ ಮಾತ್ರ ಫಿಷರ್ ಊಹೆ ಮಾಡಬೇಕಾಯಿತು. ಒಂದು ಸಕ್ಕರೆಯ ಜೋಡಣೆ ಗೊತ್ತಾದರೂ ಇಡೀ ಅಣು ನಿಜವಾಗಿ ಈ ರೂಪವೋ ಅದರ ಕನ್ನಡಿ ಬಿಂಬವೋ ಎಂದು ಹೇಳುವ ಸಾಧನ ಯಾರಲ್ಲಿಯೂ ಇರಲಿಲ್ಲ. ಎರಡರಲ್ಲಿ ಒಂದನ್ನು ಅವರು ಆರಿಸಿಕೊಂಡು, ಉಳಿದ ಎಲ್ಲವನ್ನೂ ಅದಕ್ಕೆ ಹೊಂದಿಸಿದರು. 1951ರಲ್ಲಿ ನೆದರ್‌ಲ್ಯಾಂಡ್ಸ್‌ನ ಬೈವೂಟ್ ಎಂಬ ವಿಜ್ಞಾನಿ ಕ್ಷಕಿರಣಗಳಿಂದ ಪರೀಕ್ಷಿಸಿ ನೋಡಿದಾಗ ಆ ಊಹೆ ಸರಿ ಎಂದು ತಿಳಿಯಿತು. ಅಷ್ಟು ಹೊತ್ತಿಗೆ ಫಿಷರ್ ತೀರಿಕೊಂಡು 32 ವರ್ಷಗಳಾಗಿದ್ದವು.

ಸಕ್ಕರೆಯನ್ನು ಗುರುತಿಸುವುದರ ಜೊತೆಗೇ ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಿಯೂ ತೋರಿಸಬೇಕು ಎಂಬುದು ಅವರ ಹಟ. ಇದನ್ನು ಸಂಶ್ಲೇಷಣೆ ಎನ್ನುತ್ತಾರೆ. 1890ರಲ್ಲಿ ಅವರು ಗ್ಲಿಸರಿನ್‌ನಂಥ ಸಾಮಾನ್ಯ ವಸ್ತುವಿನಿಂದ ಆರಂಭಿಸಿ ಗ್ಲೂಕೋಸ್, ಫ್ರಕ್ಟೋಸ್, ಮ್ಯಾನೋಸ್ ಮೂರನ್ನೂ ಮಾಡಿದರು. ಆದರೆ ದಾರಿಯಲ್ಲಿ ಒಂದು ತೊಡಕು ಇತ್ತು, ವಾಣಿಜ್ಯದವಳಾಗಿ ನನ್ನ ಗಮನ ಹೆಚ್ಚು ಸೆಳೆದದ್ದು ಅದೇ. ಎಡ ಬಲ ಇಲ್ಲದ ವಸ್ತುವಿನಿಂದ ಹೊರಟರೆ ಬರುವ ಸರಕಿನಲ್ಲಿ ಎಡ ಅರ್ಧ, ಬಲ ಅರ್ಧ. ಯಂತ್ರವೊಂದು ಎಡ ಚಪ್ಪಲಿ, ಬಲ ಚಪ್ಪಲಿ ಸಮಸಮ ಹೊರಹಾಕುತ್ತದೆ, ಗಿರಾಕಿಗೆ ಬೇಕಾದದ್ದು ಬಲದ್ದು ಮಾತ್ರ ಎಂದುಕೊಳ್ಳಿ. ಅರ್ಧ ಸರಕು ನಷ್ಟ. ಅದೂ ಅಲ್ಲದೆ ಬೇರೆ ಮಾಡುವ ಖರ್ಚು ಬೇರೆ.

ಫಿಷರ್ ಬೇರೆ ಮಾಡಿದ್ದು ಎರಡು ರೀತಿಯಲ್ಲಿ, ಎರಡಕ್ಕೂ ಜೀವಿಗಳ ಸಹಾಯ ಬೇಕಾಯಿತು. ಮಿಶ್ರಣಕ್ಕೆ ಯೀಸ್ಟ್ ಹಾಕಿದರೆ ಅದು ಪ್ರಕೃತಿಯಲ್ಲಿರುವ ರೂಪವನ್ನು ತಿಂದು ಅದರ ಬಿಂಬವನ್ನು ಮುಟ್ಟದೆ ಬಿಡುತ್ತದೆ. ಆದರೆ ಬೇಕಾದದ್ದನ್ನೇ ಅದು ತಿಂದು ಮುಗಿಸಿದರೆ ಏನು ಲಾಭ? ಆಗ ಅವರು ಮಿಶ್ರಣವನ್ನು ಆಮ್ಲವಾಗಿಸಿ, ಗಿಡದಿಂದ ಬರುವ ಸ್ಟ್ರಿಕ್ನಿನ್ ಎಂಬ ವಿಷವನ್ನು ಸೇರಿಸಿದರು. ಸ್ಟ್ರಿಕ್ನಿನ್‌ಗೂ ತನ್ನದೇ ಎಡ ಬಲ ಇರುವುದರಿಂದ ಎರಡು ರೂಪಗಳ ಜೊತೆ ಅದು ಕೊಡುವ ಲವಣಗಳು ಬೇರೆ ಬೇರೆಯಾಗಿ ಹರಳುಗಟ್ಟುತ್ತವೆ. ಹೀಗೆ ಬೇಕಾದ ಅರ್ಧ ಕೈಗೆ ಬಂತು.

ಪ್ರಕೃತಿ ಮಾತ್ರ ಈ ನಷ್ಟವನ್ನು ಮಾಡಿಕೊಳ್ಳುವುದಿಲ್ಲ. ಎಲೆಯಲ್ಲಿ ತಯಾರಾಗುವ ಸಕ್ಕರೆ ಒಂದೇ ಕೈಯದು. ಇದು ಹೇಗೆ? ಸಕ್ಕರೆಗೆ ಇನ್ನೊಂದು ಇಂಗಾಲ ಸೇರಿಸುವಾಗ ಎರಡು ಫಲಿತಗಳು ಸಮನಾಗಿ ಬರುವುದಿಲ್ಲ, ಒಮ್ಮೊಮ್ಮೆ ಹೆಚ್ಚು ಕಡಿಮೆ ಒಂದೇ ಬರುತ್ತದೆ ಎಂಬುದನ್ನು ಫಿಷರ್ ಕಂಡಿದ್ದರು. ಸರಪಳಿಯಲ್ಲಿ ಮೊದಲೇ ಇರುವ ಎಡ ಬಲವೇ ಹೊಸದಾಗಿ ಸೇರುವುದಕ್ಕೆ ದಾರಿ ತೋರಿಸುತ್ತದೆ. ಗಿಡದಲ್ಲಿಯೂ ಹೀಗೆಯೇ, ಹಸಿರೆಲೆಯ ಒಳಗೆ ಮೊದಲೇ ಇರುವ ಒಂದೇ ಕೈಯ ವಸ್ತುಗಳ ಆಸರೆಯಲ್ಲಿ ಹೊಸ ಸಕ್ಕರೆ ಹುಟ್ಟುವುದರಿಂದ ಅದೂ ಒಂದೇ ಕೈಯದಾಗುತ್ತದೆ ಎಂದು 1894ರಲ್ಲಿ ಅವರು ವಿವರಿಸಿದರು. ಅಸಮಮಿತ ಸಂಶ್ಲೇಷಣೆ ಎಂದು ಇವತ್ತು ಕರೆಯುವ ದೊಡ್ಡ ಶಾಖೆಯ ಬೇರು ಇದು.

ಅದೇ ವರ್ಷದ ಇನ್ನೊಂದು ಕೆಲಸ ಇದಕ್ಕಿಂತ ಪ್ರಸಿದ್ಧ. ಗ್ಲೂಕೋಸ್‌ನಿಂದ ಅವರು ಎರಡು ವಸ್ತುಗಳನ್ನು ಮಾಡಿದರು, ಇವುಗಳ ನಡುವೆ ಒಂದೇ ಒಂದು ಇಂಗಾಲದ ಜೋಡಣೆಯಲ್ಲಿ ವ್ಯತ್ಯಾಸ. ಯೀಸ್ಟ್‌ನಲ್ಲಿರುವ ಕಿಣ್ವ ಮೊದಲನೆಯದನ್ನು ಒಡೆಯಿತು, ಎರಡನೆಯದನ್ನು ಮುಟ್ಟಲಿಲ್ಲ. ಬಾದಾಮಿಯಿಂದ ತೆಗೆದ ಎಮಲ್ಸಿನ್ ಎಂಬ ಕಿಣ್ವ ಎರಡನೆಯದನ್ನು ಒಡೆಯಿತು, ಮೊದಲನೆಯದನ್ನು ಮುಟ್ಟಲಿಲ್ಲ. ಬೀಗಕ್ಕೆ ಬೀಗದ ಕೈ ಹೊಂದುವ ಹಾಗೆ ಕಿಣ್ವ ತನ್ನ ವಸ್ತುವಿಗೆ ಹೊಂದಬೇಕು ಎಂಬ ಹೋಲಿಕೆಯನ್ನು ಫಿಷರ್ ಆಗ ಕೊಟ್ಟರು. ಕಿಣ್ವ ಎಂದರೆ ತಾನು ಖರ್ಚಾಗದೆ ಕೆಲಸ ಮಾಡಿಸುವ ವೇಗವರ್ಧಕ. ವೇಗವರ್ಧಕಕ್ಕೂ ಎಡ ಬಲ ಇರುತ್ತದೆ, ಅದಕ್ಕೆ ಕಾರಣ ಅದರ ಆಕಾರ ಎಂಬುದು ಈ ಪ್ರಯೋಗದಿಂದ ಸ್ಪಷ್ಟವಾಯಿತು.

1892ರಲ್ಲಿ ಅವರು ಬರ್ಲಿನ್ ವಿಶ್ವವಿದ್ಯಾಲಯಕ್ಕೆ ಬಂದಿದ್ದರು. ಕೊನೆಯವರೆಗೂ ಅಲ್ಲೇ ಇದ್ದರು. ಕಾಫಿಯಲ್ಲಿರುವ ಕೆಫೀನ್, ಮೂತ್ರದಲ್ಲಿರುವ ಯೂರಿಕ್ ಆಮ್ಲ ಇವೆಲ್ಲ ಪ್ಯೂರಿನ್ ಎಂಬ ಒಂದೇ ಕುಟುಂಬದವು ಎಂದು ತೋರಿಸಿ, ಕೆಫೀನನ್ನೂ ನಂತರ ಪ್ಯೂರಿನ್ನನ್ನೂ ತಯಾರಿಸಿದರು. ಸಕ್ಕರೆ ಮತ್ತು ಪ್ಯೂರಿನ್ ಕೆಲಸಕ್ಕಾಗಿ 1902ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಬಂತು. ಅದು ಎರಡನೆಯ ವರ್ಷದ ಬಹುಮಾನ, ಮೊದಲನೆಯದು ವಾಂಟ್ ಹಾಫ್ ಅವರಿಗೆ ಹೋಗಿತ್ತು. ಗುರು ಬೇಯರ್ ಅವರಿಗೆ ಬಂದದ್ದು 1905ರಲ್ಲಿ, ಶಿಷ್ಯನ ನಂತರ! 1903ರಲ್ಲಿ ಫಾನ್ ಮೆರಿಂಗ್ ಎಂಬ ವೈದ್ಯರ ಜೊತೆ ಸೇರಿ ವೆರೋನಾಲ್ ಎಂಬ ನಿದ್ರೆ ಔಷಧಿಯನ್ನೂ ತಂದರು, ಅದು ಚೆನ್ನಾಗಿ ಮಾರಾಟವಾಯಿತು. ಆಮೇಲೆ ಪ್ರೋಟೀನುಗಳಿಗೆ ಕೈಹಾಕಿ, ಅಮೈನೋ ಆಮ್ಲಗಳನ್ನು ಒಂದಕ್ಕೊಂದು ಪೋಣಿಸಿ 1907ರಲ್ಲಿ 18 ಮಣಿಗಳ ಸರ ಮಾಡಿದರು.

ಅವರು ಹುಟ್ಟು ಭಾಷಣಕಾರರಲ್ಲ. ಆದರೆ ನೆನಪಿನ ಶಕ್ತಿ ಅಪಾರ. ಬರೆದ ಉಪನ್ಯಾಸವನ್ನು ಪೂರ್ತಿ ಬಾಯಿಪಾಠ ಮಾಡಿಕೊಂಡು ಬಂದು ಹೇಳುತ್ತಿದ್ದರು. ವೇದಿಕೆ ಎಂದರೆ ಹೆದರುವ ನನ್ನಂಥವರಿಗೆ ಇದು ಸಮಾಧಾನದ ವಿಷಯ.

ಒಂದು ವಿಷಯ ಓದಿ ಬೇಸರವಾಯಿತು, ಅದನ್ನು ಬಿಟ್ಟು ಬರೆಯಲಾರೆ. 1907ರಲ್ಲಿ ಲೀಸ ಮೈಟ್ನರ್ ಎಂಬ ಭೌತಶಾಸ್ತ್ರಜ್ಞೆ ಡಾಕ್ಟರೇಟ್ ಮುಗಿಸಿ ವಿಯೆನ್ನಾದಿಂದ ಬರ್ಲಿನ್‌ಗೆ ಬಂದರು. ಒಟ್ಟೊ ಹಾನ್ ಜೊತೆ ಫಿಷರ್ ಅವರ ಸಂಸ್ಥೆಯಲ್ಲಿ ಸಂಶೋಧನೆ ಮಾಡಬೇಕಿತ್ತು. ಫಿಷರ್ ಪ್ರಯೋಗಾಲಯದಲ್ಲಿ ಹೆಂಗಸರಿಗೆ ಪ್ರವೇಶವಿರಲಿಲ್ಲ. ಉದ್ದ ಕೂದಲಿಗೆ ಬೆಂಕಿ ತಗುಲೀತು ಎಂಬ ಭಯ ಕಾರಣವೆಂದು ಹೇಳುತ್ತಾರೆ. ಫಿಷರ್ ಅವರ ಗಡ್ಡವೂ ಚಿಕ್ಕದಾಗಿರಲಿಲ್ಲ! ಕೊನೆಗೆ ನೆಲಮಾಳಿಗೆಯಲ್ಲಿದ್ದ ಬಡಗಿಯ ಕೋಣೆಯಲ್ಲಿ ಮಾತ್ರ ಕೆಲಸ ಮಾಡಬಹುದು, ಹುಡುಗರು ಕೆಲಸ ಮಾಡುವ ಮೇಲಿನ ಮಹಡಿಗೆ ಬರಬಾರದು ಎಂಬ ಷರತ್ತಿನ ಮೇಲೆ ಒಪ್ಪಿದರು. ಪ್ರಷ್ಯಾ ಸರ್ಕಾರ ವಿಶ್ವವಿದ್ಯಾಲಯಗಳ ಬಾಗಿಲನ್ನು ಹೆಣ್ಣುಮಕ್ಕಳಿಗೆ ತೆರೆದ ಮೇಲೆ ಫಿಷರ್ ಆ ನಿರ್ಬಂಧ ತೆಗೆದರು, ಮುಂದೆ ಮೈಟ್ನರ್ ಅವರಿಗೆ ಬೆಂಬಲವಾಗಿಯೂ ನಿಂತರು. ಆದರೂ ಯೀಸ್ಟ್ ಯಾವ ಸಕ್ಕರೆಯನ್ನು ಒಪ್ಪುತ್ತದೆ, ಯಾವುದನ್ನು ಒಪ್ಪುವುದಿಲ್ಲ ಎಂದು ಅಷ್ಟು ತಾಳ್ಮೆಯಿಂದ ಪರೀಕ್ಷಿಸಿದ ಮನುಷ್ಯ ಹುಡುಗಿಯರ ವಿಷಯದಲ್ಲಿ ಪರೀಕ್ಷೆಯನ್ನೇ ಮಾಡದೆ ತೀರ್ಮಾನಿಸಿದರಲ್ಲ ಎಂದು ನನಗೆ ಅನಿಸಿತು.

ಇನ್ನು ಖರ್ಚಿನ ಪುಟ. ಫೀನೈಲ್‌ಹೈಡ್ರಜೀನ್ ವಿಷದ ವಸ್ತು. ಅದನ್ನು ವರ್ಷಗಟ್ಟಲೆ ಕೈಯಲ್ಲಿ ಹಿಡಿದು, ಆವಿಯನ್ನು ಉಸಿರಾಡಿ ಫಿಷರ್ ಅವರ ಹೊಟ್ಟೆ ಕೆಟ್ಟಿತು, ಚರ್ಮ ಕೆಟ್ಟಿತು. ಯಾವ ವಸ್ತು ಸಕ್ಕರೆಯ ಬಾಗಿಲು ತೆರೆಯಿತೋ ಅದೇ ದೇಹವನ್ನು ತಿಂದಿತು. ಬರ್ಲಿನ್‌ನಲ್ಲಿ ಹೊಸ ರಸಾಯನ ಸಂಸ್ಥೆಯ ಕಟ್ಟಡ 1900ರಲ್ಲಿ ತೆರೆಯಿತು.

1888ರಲ್ಲಿ ಅವರು ಆಗ್ನೆಸ್ ಗೆರ್ಲಾಕ್ ಎಂಬವರನ್ನು ಮದುವೆಯಾಗಿದ್ದರು. ಮೂರು ಗಂಡು ಮಕ್ಕಳಾದವು. ಏಳೇ ವರ್ಷಕ್ಕೆ, 1895ರಲ್ಲಿ, ಆಗ್ನೆಸ್ ತೀರಿಕೊಂಡರು. ನಾನು ಮೇಲೆ ಬರೆದ ಬೀಗದ ಕೈ ಪ್ರಯೋಗಕ್ಕೂ ಈ ಸಾವಿಗೂ ನಡುವೆ ಇರುವುದು ಒಂದೇ ವರ್ಷ. ವಿಜ್ಞಾನದ ಪುಸ್ತಕದಲ್ಲಿ ಈ ಎರಡು ಇಸವಿಗಳು ಒಂದೇ ಪುಟದಲ್ಲಿ ಬರುವುದಿಲ್ಲ.

1914ರಲ್ಲಿ ಮಹಾಯುದ್ಧ ಶುರುವಾಯಿತು. ಜರ್ಮನಿಯನ್ನು ಸಮರ್ಥಿಸಿ 93 ವಿದ್ವಾಂಸರು ಹೊರಡಿಸಿದ ಹೇಳಿಕೆಗೆ ಫಿಷರ್ ಸಹಿ ಮಾಡಿದರು. ಚಿಲಿ ದೇಶದಿಂದ ಬರುತ್ತಿದ್ದ ನೈಟ್ರೇಟ್ ಹಡಗುಗಳು ನಿಂತುಹೋದಾಗ ಅದಕ್ಕೆ ಬದಲಿ ಏರ್ಪಾಡು ಮಾಡುವುದರಲ್ಲಿ ಅವರ ಪಾತ್ರ ದೊಡ್ಡದು. ನೈಟ್ರೇಟ್ ಎಂದರೆ ಹೊಲಕ್ಕೆ ಗೊಬ್ಬರ, ಸೈನ್ಯಕ್ಕೆ ಮದ್ದುಗುಂಡು. ಯುದ್ಧ ಮುಗಿಯುವ ಹೊತ್ತಿಗೆ ಅವರ ಮೂವರು ಗಂಡು ಮಕ್ಕಳಲ್ಲಿ ಇಬ್ಬರು ಇರಲಿಲ್ಲ. ಯುದ್ಧಕ್ಕೆ ಅವರು ಕೊಟ್ಟದ್ದನ್ನೂ ಯುದ್ಧ ಅವರಿಂದ ತೆಗೆದುಕೊಂಡದ್ದನ್ನೂ ಎದುರುಬದುರು ಬರೆದರೆ ಯಾವ ಶೇಷ ಉಳಿಯುತ್ತದೆ ಎಂದು ಹೇಳುವ ಧೈರ್ಯ ನನಗಿಲ್ಲ.

ಆಮೇಲೆ ಕರುಳಿನ ಕ್ಯಾನ್ಸರ್ ಇದೆ ಎಂದು ತಿಳಿಯಿತು. 1919ರ ಜುಲೈ 15ರಂದು, 66ನೇ ವಯಸ್ಸಿನಲ್ಲಿ, ಬರ್ಲಿನ್‌ನಲ್ಲಿ ಅವರು ತೀರಿಕೊಂಡರು. ತಾವಾಗಿಯೇ ಜೀವ ಕಳೆದುಕೊಂಡರೆಂದು ಹಲವರು ಬರೆದಿದ್ದಾರೆ. ಇದನ್ನು ಈ ಪತ್ರಿಕೆಯಲ್ಲಿ ಬರೆಯಬೇಕೇ ಬೇಡವೇ ಎಂದು ತುಂಬ ಯೋಚಿಸಿದೆ. ಜೀವ ಎಂಬುದು ನಮ್ಮ ಆಸ್ತಿಯಲ್ಲ, ಅಲ್ಲಾಹನು ನಮ್ಮ ಬಳಿ ಇಟ್ಟಿರುವ ಅಮಾನತ್ ಎಂದು ಅಮ್ಮಿ ನಮಗೆ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದಾರೆ, ನಾನು ನಂಬಿರುವುದೂ ಅದನ್ನೇ. ಆದರೆ ಹೆಂಡತಿ, ಇಬ್ಬರು ಮಕ್ಕಳು, ಆರೋಗ್ಯ ಎಲ್ಲವನ್ನೂ ಕಳೆದುಕೊಂಡ ಮುದುಕರ ಬಗ್ಗೆ ತೀರ್ಪು ಕೊಡಲು ನಾನು ಯಾರು? ಆ ದಿನಗಳಲ್ಲಿ ಅವರ ಪಕ್ಕದಲ್ಲಿ ಕೂತು ಮಾತಾಡುವವರು ಇನ್ನೂ ಕೆಲವರು ಇರಬೇಕಾಗಿತ್ತು ಎಂದಷ್ಟೇ ಅನಿಸುತ್ತದೆ.

ಅರ್ಧ ಸರಕಿನ ನಷ್ಟದ ಲೆಕ್ಕ ಅವರ ಕಾಲದಲ್ಲಿ ಮುಗಿಯಲಿಲ್ಲ. ಒಂದೇ ಕೈಯ ಸರಕನ್ನು ಮಾತ್ರ ತಯಾರಿಸುವ ವೇಗವರ್ಧಕಗಳನ್ನು, ಕಿಣ್ವಗಳ ಸಹಾಯವಿಲ್ಲದೆ, ಮನುಷ್ಯರು ಕಾರ್ಖಾನೆಯ ಮಟ್ಟಕ್ಕೆ ತಂದದ್ದು 1970ರ ದಶಕದಲ್ಲಿ. ಅಮೆರಿಕದ ಮಾನ್ಸಾಂಟೊ ಕಂಪನಿಯ ವಿಲಿಯಂ ನೋಲ್ಸ್, ಕೈ ಕಾಲು ನಡುಗುವ ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಎಲ್-ಡೋಪಾ ಔಷಧಿಯನ್ನು ಹೀಗೆ ತಯಾರಿಸಿದರು. ಆ ಔಷಧಿಯ ಒಂದು ಕೈಯದು ಮಾತ್ರ ಕೆಲಸಕ್ಕೆ ಬರುತ್ತದೆ. ಚೂರೇ ಚೂರು ವೇಗವರ್ಧಕ ಸಾಕು, ಅದು ಮತ್ತೆ ಮತ್ತೆ ತಿರುಗಿ ಬೇಕಾದ ಕೈಯದನ್ನೇ ಮಾಡುತ್ತಾ ಹೋಗುತ್ತದೆ. ಒಂದು ಅಚ್ಚು, ಸಾವಿರ ಚಪ್ಪಲಿ, ಎಲ್ಲವೂ ಬಲಗಾಲಿನವು. ನೋಲ್ಸ್, ಜಪಾನಿನ ನೊಯೊರಿ, ಅಮೆರಿಕದ ಶಾರ್ಪ್‌ಲೆಸ್ ಅವರಿಗೆ 2001ರಲ್ಲಿ ನೊಬೆಲ್ ಬಂತು.

2021ರಲ್ಲಿ ಇದೇ ದಾರಿಯ ಕೆಲಸಕ್ಕೆ ಜರ್ಮನಿಯ ಬೆಂಜಮಿನ್ ಲಿಸ್ಟ್ ಮತ್ತು ಡೇವಿಡ್ ಮ್ಯಾಕ್‌ಮಿಲನ್ ಅವರಿಗೆ ಮತ್ತೆ ನೊಬೆಲ್ ಕೊಟ್ಟರು. ದೊಡ್ಡ ಕಿಣ್ವವೂ ಬೇಡ, ದುಬಾರಿ ಲೋಹವೂ ಬೇಡ, ಚಿಕ್ಕದೊಂದು ಸಾವಯವ ಅಣುವೇ ಎಡ ಬಲ ನೋಡಿಕೊಂಡು ಕೆಲಸ ಮಾಡಿಸಬಲ್ಲದು ಎಂದು ಇವರು ತೋರಿಸಿದರು. ಲಿಸ್ಟ್ ಆರಿಸಿಕೊಂಡ ಅಣುವಿನ ಹೆಸರು ಪ್ರೋಲೀನ್, ಬಹಳ ಅಗ್ಗದ ಅಮೈನೋ ಆಮ್ಲ. ಹಾಲಿನಲ್ಲಿರುವ ಕೇಸೀನ್ ಎಂಬ ಪ್ರೋಟೀನನ್ನು ಒಡೆದು, ಅದರೊಳಗಿಂದ ಈ ಪ್ರೋಲೀನನ್ನು ಮೊದಲು ಹೊರತೆಗೆದವರು ಎಮಿಲ್ ಫಿಷರ್, 1901ರಲ್ಲಿ.

ಉಳಿದ ಒಬ್ಬ ಮಗ ಹರ್ಮನ್ ಫಿಷರ್ ಕೂಡ ರಸಾಯನಶಾಸ್ತ್ರಜ್ಞರಾದರು. 1930ರ ದಶಕದಲ್ಲಿ ಜರ್ಮನಿ ಬಿಟ್ಟು ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್‌ಗೆ, ಅಲ್ಲಿಂದ ಕೆನಡಾದ ಟೊರಾಂಟೊಗೆ, ಕೊನೆಗೆ ಅಮೆರಿಕದ ಬರ್ಕ್ಲಿಗೆ ಹೋದರು. ಅವರೂ ಸಕ್ಕರೆಗಳ ಮೇಲೆ ದುಡಿದರು. ತಂದೆಯ ಕಾಗದಪತ್ರಗಳು ಈಗ ಇರುವುದು ಬರ್ಕ್ಲಿಯ ಬ್ಯಾಂಕ್ರಾಫ್ಟ್ ಗ್ರಂಥಾಲಯದಲ್ಲಿ.